ಟಗರು ಕಟ್ಟಿದ್ದ ಡಿಫರೆನ್ಷಿಯಲ್ಲು

ನಮ್ಮಪ್ಪನ ಗ್ಯಾರೇಜಿನಾಗ ಯಾವ ಗಾಡಿ ಬಿಚ್ಚಿದ್ರೂ ಎಣ್ಣಿ ಬರೋಕಿಂತ ಮೊದ್ಲು ಒಂದು ನಗು ಬರ್ತದ. ಹ್ಯಾಂಗ ಬರ್ತದೋ ಗೊತ್ತಿಲ್ಲ, ವಾರಕ್ಕೊಂದು ತಪ್ಪಂಗಿಲ್ಲ. ಊಟಕ್ಕ ಕುಂತಾಗ ಅಪ್ಪ ಇವನ್ನೆಲ್ಲಾ ಹೇಳಿ ಮನಿ ಮಂದೀನ್ನ ನಗಿಸ್ತಾನ. ನಾನು ಪುಸ್ತಕ ಅಡ್ಡ ಹಿಡ್ಕೊಂಡು ನಗ್ತೀನಿ. ನನಗ ಮಾತು ಕಡಿಮಿ. ಪಿಯುಸಿ ಎರಡನೇ ವರ್ಷ ಓದಾಕತ್ತೀನಿ, ಕ್ಲಾಸಿನಾಗ ಹಾಜರಿ ಕೂಗಿದಾಗ 'ಎಸ್ ಸರ್' ಅನ್ನಾಕೂ ಬಾಜೂದಾಕಿ ಮೊಣಕೈಲೆ ತಿವೀಬೇಕು. ಆದ್ರ ಅಪ್ಪ ಹೇಳುವಾಗ ಅರ್ಧ ಕಥಿ ಬಿಡ್ತಾನ, ಯಾಕಂದ್ರ ಆ ಅರ್ಧದಾಗ ಅವನೇ ಇರ್ತಾನ. ಅದಕ್ಕ ಈ ಸಲ ನಾನೇ ಹೇಳ್ತೀನಿ. ಮೊದ್ಲನೇ ಸಲ ಹೇಳಾಕತ್ತೀನಿ, ಹಿಂದ ಮುಂದ ಆದ್ರ ಹೊಟ್ಟ್ಯಾಗ ಹಾಕ್ಕೋರಿ.

ಗ್ಯಾರೇಜು ರಾಯಚೂರಿನಾಗ, ಮಾನ್ವಿ ರೋಡಿಗಿ ಅದ. ಬೋರ್ಡಿನ ಮ್ಯಾಲ 'ಟ್ರ್ಯಾಕ್ಟರ್ ರಿಪೇರಿ' ಅಂತ ಒಂದೇ ಸಾಲು. ಅದರ ಕೆಳಗ ಇನ್ನೊಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟಾನ. ಬೋರ್ಡು ಬರೆಸುವಾಗ ಪೇಂಟರು ಕೇಳಿದ್ದನಂತ, "ಇಲ್ಲೇನು ಬರೀಲಿ?" ಅಂತ. "ಮುಂದ ಏನರ ದೊಡ್ಡದು ಕಲೀತೀನಿ, ಆವಾಗ ಬರಿಯಂತಿ" ಅಂದಿದ್ದನಂತ ಅಪ್ಪ. ಹದಿನೈದು ವರ್ಷ ಆತು. ಆ ಖಾಲಿ ಜಾಗದಾಗ ಈಗ ಒಂದು ಹಲ್ಲಿ ಸಂಸಾರ ಮಾಡ್ಯದ.

೧. ತೌಡು

ನಮ್ಮ ಕಡೆ ಒಬ್ರು ಅಕ್ಕಿ ಮಿಲ್ಲಿನ ಸಾವ್ಕಾರ್ರು ಅದಾರ. ಬಿಳಿ ಧೋತ್ರ, ಹಣಿ ತುಂಬ ಮೂರು ಬೆರಳು ವಿಭೂತಿ, ಐವತ್ತೆಂಟು ವಯಸ್ಸು. ಅವರ ಹತ್ರ ಕೆಂಪು ಬಣ್ಣದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಅದ. ಹಳೇದು, ಹೈದರಾಬಾದಿನಿಂದ ತಂದಿದ್ದು. ಈ ವಯಸ್ಸಿನಾಗ ಇದ್ಯಾಕ್ರಿ ಅಂತ ಮಂದಿ ಕೇಳಿದ್ರ, "ಹದಿನೆಂಟಕ್ಕ ಬೇಕು ಅನಿಸಿತ್ತು. ನಮ್ಮಪ್ಪ ಬೈತಾನಂತ ಸುಮ್ಮನಿದ್ದೆ. ಈಗ ಅಪ್ಪ ಇಲ್ಲ. ಹೆಂಡತಿ ಬೈತಾಳ, ಆಕಿದು ರೂಢಿ ಆಗ್ಯದ" ಅಂತಾರ.

ಕಾರಿಗಿ ಒಂದೇ ರೋಗ. ಜೋರು ಕಾಲು ಒತ್ತಿದ್ರ ಹಿಂದಿನ ಡಿಫರೆನ್ಷಿಯಲ್ ಮುರೀತದ. ಡಿಫರೆನ್ಷಿಯಲ್ ಅಂದ್ರ ಏನಂತ ಅಪ್ಪ ಎಲ್ಲಾರಿಗೂ ಹೇಳೋದು ಹಿಂಗ: "ಜೋಡೆತ್ತಿನ ಬಂಡಿ ತಿರುವುವಾಗ ಹೊರಗಿನ ಎತ್ತು ಹೆಚ್ಚು ನಡೀತದ, ಒಳಗಿನ ಎತ್ತು ಕಡಿಮಿ ನಡೀತದ. ಕಾರಿನ ಹಿಂದಿನ ಎರಡು ಗಾಲಿಗೂ ಹಾಂಗ ನಡಿಯಾಕ ಕಲಿಸೋ ಗೇರಿನ ಗಡಿಗಿ ಅದು. ಇಂಜಿನ್ನಿನ ಬಲ ಎಲ್ಲಾ ಅದರ ಹಲ್ಲಿನ ಮ್ಯಾಲೇ ಬೀಳ್ತದ."

ಹೋದ ವರ್ಷ ಮಾನ್ವಿ ಹೊರಗಿನ ಬಯಲಿನಾಗ ಕಾರಿನ ರೇಸ್ ಇಟ್ಟಿದ್ರು. ಡ್ರಮ್ಮು ಇಟ್ಟು, ಒಂದೊಂದೇ ಕಾರು ಬಿಟ್ಟು, ಸುತ್ತು ಹಾಕಿ ಬರಾಕ ಎಷ್ಟು ಹೊತ್ತು ಆಗ್ತದ ಅಂತ ನೋಡೋದು. ಸಾವ್ಕಾರ್ರು ಗೆರಿ ಮ್ಯಾಲ ನಿಂತ್ರು, ಬಾವುಟ ಬಿತ್ತು, ಕಾಲು ಒತ್ತಿದ್ರು. ಟಣ್ ಅಂತು. ಅಷ್ಟೇ. ಕಾರು ಒಂದು ಗೇಣು ಮುಂದ ಹೋಗ್ಲಿಲ್ಲ. ಬದಿಗಿ ಬ್ಯಾರೆ ಕಾರು ಪಾಳಿಗಿ ಕಾಯಾಕತ್ತಿದ್ವು, ಅದಕ್ಕ ಮಿಲ್ಲಿನ ಟ್ರ್ಯಾಕ್ಟರ್ ಡ್ರೈವರ್ ಅಣ್ಣ ಬಂದು ಹಗ್ಗ ಕಟ್ಟಿ ಹಿಂದಕ್ಕ ಎಳಕೊಂಡು ಹೋದ. ರೇಸಿನಾಗ ಹಿಂದಕ್ಕ ಓಡಿದ ಕಾರು ಅಂತ ಮಾನ್ವಿ ಮಂದಿ ಇವತ್ತಿಗೂ ಸಾವ್ಕಾರ್ರಿಗಿ ಕೈ ಮಾಡಿ ತೋರಿಸ್ತಾರ.

ಅಪ್ಪ ಅದೇ ಸೈಜಿನ ಹೊಸ ಗೇರು ಹಾಕಿ ಕೊಟ್ಟ. ಮೂರು ತಿಂಗಳಿಗಿ ಮಿಲ್ಲಿನ ಗೇಟಿನಾಗೇ ಮತ್ತ ಟಣ್ ಅಂತು. ಮತ್ತ ಅದೇ ಟ್ರ್ಯಾಕ್ಟರು, ಅದೇ ಹಗ್ಗ. ಗ್ಯಾರೇಜಿಗಿ ಬಂತು. ಅಪ್ಪ ಕೆಳಗ ಮಲಗಿ ಬೋಲ್ಟ್ ಬಿಚ್ಚಿದ. ಎಣ್ಣಿ ಬರ್ಲಿಲ್ಲ. ಕಂದು ಬಣ್ಣದ ಮುದ್ದಿ ಒಂದು ಮೆಲ್ಲಕ ಇಳಿದು ತಟ್ಟಿಯಾಗ ಕುಂತಿತು. ಅಪ್ಪ ಮೂಸಿ ನೋಡಿದ.

"ಸಾವ್ಕಾರ್ರೇ, ಇದರಾಗ ಏನು ಹಾಕೀರಿ?"

"ಏನಿಲ್ಲ ಮಿಸ್ತ್ರಿ. ಊಂ ಅಂತ ಸಪ್ಪಳ ಬರಾಕತ್ತಿತ್ತು. ಒಂದು ಸೇರು ತೌಡು ಹಾಕಿದೆ."

"ತೌಡು."

"ನಮ್ಮ ಮಿಲ್ಲಿನ ಹಳೇ ಗೇರಿಗಿ ನಮ್ಮಪ್ಪನ ಕಾಲದಿಂದ ಅದನ್ನೇ ಹಾಕೋದು. ಸಪ್ಪಳ ಬಂದ್ರ ತೌಡು. ಇನ್ನೂ ಬಂದ್ರ ಇನ್ನೊಂದು ಹಿಡಿ ತೌಡು."

"ಸಪ್ಪಳ ನಿಂತಿತ್ತೇನ್ರಿ?"

"ನಿಂತಿತ್ತಪ್ಪ. ಆಮ್ಯಾಲ ಕಾರೂ ನಿಂತಿತು."

ಅಪ್ಪ ನಗ್ಲಿಲ್ಲ. ಯಾಕಂದ್ರ ಸಾವ್ಕಾರ್ರು ಮುಂದ ಹೇಳಿದ್ದು ಇದು: "ಮಿಸ್ತ್ರಿ, ತೌಡು ನಂದು ತಪ್ಪು, ಒಪ್ಕೊಂಡೆ. ಆದ್ರ ಮಾನ್ವಿಯಾಗ ಮುರಿದಾಗ ತೌಡು ಇರ್ಲಿಲ್ಲ. ಈ ವರ್ಷ ನಾನು ಆ ಗೆರಿ ದಾಟಬೇಕು, ಸುತ್ತು ಮುಗಿಸಿ ಬರಬೇಕು. ಕಡೀಕ ಬಂದ್ರೂ ನಡೀತದ. ಈ ಸಲಾನೂ ಮುರೀತಂದ್ರ ಹೈದರಾಬಾದಿನ ಮಿಸ್ತ್ರಿ ಹತ್ರ ಒಯ್ತೀನಿ. ಬ್ಯಾಸರ ಮಾಡ್ಕೋಬ್ಯಾಡ."

"ಇಲ್ರಿ" ಅಂದ ಅಪ್ಪ. ಆ ಸಂಜಿ ಗ್ಯಾರೇಜು ಮುಚ್ಚುವಾಗ ಅಪ್ಪ ಬೋರ್ಡಿನ ಕಡೆ ನೋಡ್ಲಿಲ್ಲ. ದಿನಾ ನೋಡ್ತಾನ.

ಸಾವ್ಕಾರ್ರು ಇನ್ನೂ ಇದ್ದಾಗ ಆ ತಟ್ಟಿ ಹೊರಗ ಇಟ್ಟಿದ್ವಿ. ಬಾಜೂ ಮನಿ ಎಮ್ಮಿ ಬಂತು, ಮೂಸಿತು, ತಲಿ ಎತ್ತಿ ಸಾವ್ಕಾರ್ರನ್ನ ಒಂದು ಸಲ ನೋಡಿತು, ಬಾಯಿ ಹಚ್ಚದ ಹೋತು. ತೌಡು ಬಿಟ್ಟು ಹೋದ ಎಮ್ಮಿ ನಾನು ನೋಡಿದ್ದು ಅದೊಂದೇ.

೨. ಟಗರು

ಆ ಕಾರಿನ ಡಿಕ್ಕಿಯಾಗ ಒಂದು ದಪ್ಪನ ಪುಸ್ತಕ ಇತ್ತು, ಕಂಪನಿಯವ್ರು ರಿಪೇರಿಗಂತ ಕೊಟ್ಟಿದ್ದು. ಇಂಗ್ಲಿಷಿನಾಗ ಇತ್ತು, ಯಾರೂ ತೆರೆದಿರ್ಲಿಲ್ಲ, ಹಾಳಿ ಒಂದಕ್ಕೊಂದು ಅಂಟಿದ್ವು. ನನಗ ಯಾವ ಪುಸ್ತಕ ಸಿಕ್ಕರೂ ಓದೋ ಚಟ. ನಾಲ್ಕು ದಿನದಾಗ ಮುಗಿಸಿದೆ. ಓದಿದ್ದನ್ನ ಅಪ್ಪಗ ಹೇಳಬೇಕಲ್ಲ, ಅದು ಆಗ್ಲಿಲ್ಲ. ಚೀಟಿ ಬರೆದು ಅವನ ಬುತ್ತಿಯಾಗ ರೊಟ್ಟಿ ಮ್ಯಾಲ ಇಟ್ಟೆ: 'ಅದೇ ಸೈಜಿಂದು ಹಾಕಿದ್ರ ಮತ್ತ ಮುರೀತದ. ದೊಡ್ಡ ಗಾಡೀದು ಹಾಕಬೇಕು, ಹಳೇ ಪಿಕಪ್ಪಿಂದು ಆದ್ರ ನಡೀತದ. ಹಲ್ಲಿನ ಲೆಕ್ಕ ಮಾತ್ರ ಅದೇ ಇರಬೇಕು, ದೊಡ್ಡದಕ್ಕ ನಲವತ್ತೊಂದು, ಸಣ್ಣದಕ್ಕ ಹನ್ನೊಂದು.'

ಅಪ್ಪ ಚೀಟಿ ಹಿಡ್ಕೊಂಡು ಬಂದ. "ಯವ್ವಾ, ಈ ಪುಸ್ತಕ ಬರೆದವ್ನು ನಮ್ಮ ಮಾನ್ವಿ ರೋಡು ನೋಡ್ಯಾನೇನು?"

"ಇಲ್ಲಪ್ಪ" ಅಂದೆ. "ಅದಕ್ಕೇ ಸಣ್ಣದು ಹಾಕ್ಯಾನ."

ಅಪ್ಪ ನನ್ನ ಮುಖ ನೋಡಿದ, ಚೀಟಿ ನೋಡಿದ, ಮಡಚಿ ಕಿಸೆಯಾಗ ಇಟ್ಟ. ಮರುದಿನ ಹುಡುಕಾಕ ಹೊಂಟ್ವಿ.

ರಾಯಚೂರಿನ ಗುಜರಿ ಅಂಗಡಿ ಎಲ್ಲಾ ಆತು. ಸಿಕ್ಕಿದ್ದು ಲೆಕ್ಕಕ್ಕ ಹೊಂದಲಿಲ್ಲ, ಹೊಂದಿದ್ದು ಸವೆದಿತ್ತು. ದೇವದುರ್ಗದ ಗುಜರಿ ಚಾಚಾ ಅಂದ್ರು, "ನೀವು ಹೇಳೋ ಹಳೇ ಪಿಕಪ್ಪಿನ ಹಿಂಭಾಗ ನನ್ನ ಹತ್ರ ಇತ್ತು. ಜಾಲಹಳ್ಳಿ ಕಡೆ ಕುರಿ ಸಾಕೋ ಅಜ್ಜ ಒಬ್ಬಾಂವ ಒಯ್ದಾನ."

"ಕುರಿಯವ್ರಿಗಿ ಡಿಫರೆನ್ಷಿಯಲ್ ಯಾಕ್ರಿ?"

"ಹೋಗಿ ನೋಡ್ರಿ. ನಾನು ಹೇಳಿದ್ರ ನಂಬಂಗಿಲ್ಲ."

ಬಸ್ ಹತ್ತಿ ಹೋದ್ವಿ. ಅಜ್ಜನ ಹಟ್ಟಿ ಮುಂದ ನೆಲದ ಮ್ಯಾಲ ನಾವು ಹುಡುಕೋ ಡಿಫರೆನ್ಷಿಯಲ್ಲು ಬಿದ್ದಿತ್ತು, ಎರಡೂ ಕಡೆ ಗಾಲಿ ಸಿಗಿಸೋ ದಂಡದ ಸಮೇತ. ಅದಕ್ಕ ಒಂದು ಟಗರು ಕಟ್ಟಿದ್ರು. ಕೊಂಬು ಎರಡು ಸುತ್ತು ಸುರುಳಿ, ಕಣ್ಣು ಕೆಂಪು. ನಮ್ಮನ್ನ ನೋಡಿ ಒಂದು ಸಲ ಕಾಲು ಕೆರೀತು.

"ಅಜ್ಜಾ, ಇದನ್ನ ಕೊಡ್ತೀಯೇನು?" ಅಂತ ಅಪ್ಪ ಕೇಳಿದ.

"ಟಗರು ಕೊಡಂಗಿಲ್ಲ."

"ಟಗರಲ್ಲೋ ಯಪ್ಪಾ. ಕಬ್ಬಿಣ."

"ಕಬ್ಬಿಣ ಅಂತೂ ಕೊಡಂಗೇ ಇಲ್ಲ." ಅಜ್ಜ ಬೀಡಿ ಆರಿಸಿ ಕಿವಿ ಮ್ಯಾಲ ಇಟ್ಕೊಂಡ. "ನೋಡು ತಮ್ಮಾ, ಇದನ್ನ ಮೊದ್ಲು ಗೂಟಕ್ಕ ಕಟ್ಟಿದೆ, ಕಿತ್ಕೊಂಡು ಹೋತು. ಬೀಸೋ ಕಲ್ಲಿಗಿ ಕಟ್ಟಿದೆ, ಎಳಕೊಂಡು ಹೋತು. ನಮ್ಮಾಕಿ ಮಲಗಿದ್ದ ಮಂಚಕ್ಕ ಕಟ್ಟಿದೆ."

"ಅದನ್ನೂ?"

"ಆಕಿ ಸಮೇತ. ಊರ ಬಾವಿ ತನ ಹೋಗಿದ್ಲು. ಈ ಒಂದು ಕಬ್ಬಿಣಕ್ಕ ಮಾತ್ರ ಅದು ಸೋತದ."

ಅಪ್ಪನ ಮುಖ ಅರಳಿತು. ನನ್ನ ಕಡೆ ತಿರುಗಿ, "ಪುಸ್ತಕದಾಗ ಇದಕ್ಕಿಂತ ದೊಡ್ಡ ಪರೀಕ್ಷಾ ಏನರ ಅದ ಏನವ್ವ?" ಅಂದ. ಇರ್ಲಿಲ್ಲ.

ಮುಚ್ಚಳ ಬಿಚ್ಚಿ ಹಲ್ಲು ಎಣಿಸಿದೆ. ನಲವತ್ತೊಂದು, ಹನ್ನೊಂದು. ನಮ್ಮ ಕಾರಿನ ಹಳೇ ಗೇರು ಪೂರಿಯಷ್ಟು ಇದ್ರ ಇದು ಜೋಳದ ರೊಟ್ಟಿಯಷ್ಟು ಇತ್ತು. ನಾನು ಎಣಿಸೋ ತನ ಟಗರು ಅಪ್ಪನ ಬೆನ್ನಿಗಿ ಎರಡು ಸಲ ಹಾಯ್ತು. ಅಪ್ಪ ಹೇಳುವಾಗ ಬಿಡೋ ಅರ್ಧ ಇದೇ.

ಕಡೀಕ ಅದಲಿ ಬದಲಿ ಅಂತ ಆತು. ಇದನ್ನ ನಮಗ ಕೊಡಬೇಕು, ಟಗರಿಗಿ ನಮ್ಮ ಕಾರಿನಾಗ ಮುರಿದಿದ್ದು ತಂದು ಕೊಡಬೇಕು. ಕೊಟ್ಟು ಬಂದ್ವಿ. ಎಂಟು ದಿನಕ್ಕ ಅಜ್ಜನ ಫೋನು ಬಂತು. "ತಮ್ಮಾ, ನಿಂದು ಸ್ಪೋರ್ಟ್ಸ್ ಕಾರಿಂದು ಅಂದಿದ್ದೆಲ್ಲ?"

"ಹೌದಜ್ಜಾ."

"ಓಡ್ತದಪ್ಪ. ಈಗ ಜಾಲಹಳ್ಳಿ ಬಸ್ ಸ್ಟ್ಯಾಂಡಿನಾಗ ಅದ. ಟಗರೂ ಅಲ್ಲೇ ಅದ."

ಮರುದಿನ ಅಪ್ಪ ಹೋಗಿ ಒಂದು ಹಳೇ ಟ್ರ್ಯಾಕ್ಟರ್ ಗಾಲಿಯ ಡಿಸ್ಕು ಕೊಟ್ಟು ಬಂದ.

೩. ಕುಂಕುಮ

ಪಿಕಪ್ಪಿನ ದಂಡ ಕಾರಿಗಿ ಅಗಲ ಆತು. ಲೇತಿನಾಗ ಕೊಯ್ದು ಗಿಡ್ಡ ಮಾಡಿಸಿದ್ವಿ. ಒಂದು ಗಾಲಿ ಜಾರಿದ್ರೂ ಇನ್ನೊಂದಕ್ಕ ಬಲ ಕೊಡೋ ಲಾಕು ಪಾರ್ಸೆಲ್ಲಿನಾಗ ತರಿಸಿ ಒಳಗ ಹಾಕಿದ್ವಿ. ಉಳಿದಿದ್ದು ಹಲ್ಲು ಕೂಡ್ಸೋ ಕೆಲಸ. ಎರಡು ಗೇರಿನ ಹಲ್ಲು ಎಲ್ಲಿ ತಾಕ್ತಾವ ಅಂತ ನೋಡಾಕ ಹಲ್ಲಿಗಿ ಬಣ್ಣ ಹಚ್ಚಿ ತಿರುಗಿಸಬೇಕು. ಬಣ್ಣ ಹೋದ ಜಾಗ ನೋಡಿದ್ರ ಸರಿ ಕುಂತದೋ ಇಲ್ಲೋ ತಿಳೀತದ. ಪುಸ್ತಕದಾಗ ಅದಕ್ಕ ಐದು ಫೋಟೋ ಅದಾವ. ಒಂದು ಸರಿ, ನಾಲ್ಕು ತಪ್ಪು.

ಅದಕ್ಕಂತ ಬ್ಯಾರೆ ಪೇಸ್ಟು ಬರ್ತದಂತ, ನಮ್ಮ ಗ್ಯಾರೇಜಿನಾಗ ಎಂದೂ ಬಂದಿಲ್ಲ. ಅಪ್ಪ ಟ್ರ್ಯಾಕ್ಟರಿಗೂ ಹಚ್ಚೋದು ಶೇಂಗಾ ಎಣ್ಣ್ಯಾಗ ಕಲಿಸಿದ ಕುಂಕುಮ. ಅವತ್ತೂ ಹಲ್ಲಿಗೆಲ್ಲಾ ಕುಂಕುಮ ಬಳಿದು, ಸ್ಟ್ಯಾಂಡಿನ ಮ್ಯಾಲ ಬಾಗಿಲ ಮುಂದ ಇಟ್ಟು, ಊಟಕ್ಕ ಹೋದ. ಅವತ್ತು ಸೋಮವಾರ.

ಸಾವ್ಕಾರ್ರು ಬಂದ್ರು. ನೋಡಿದ್ರು. ಚಪ್ಪಲ್ ಬಿಟ್ಟರು. ಎರಡೂ ಕೈ ಜೋಡಿಸಿ ಬಗ್ಗಿ, ಕಿಸೆಯಾಗಿಂದ ವಿಭೂತಿ ಉಂಡಿ ತೆಗೆದು ಗಡಿಗಿ ಮ್ಯಾಲ ಮೂರು ಗೆರಿ ಎಳೆದ್ರು. ಬರಿ ಕುಂಕುಮ ಇಟ್ಟು ವಿಭೂತಿ ಬಿಟ್ಟಾರಲ್ಲ ಅಂತ ಅವರಿಗಿ ಕೆಟ್ಟ ಅನಿಸಿತ್ತು. ಧೋತ್ರದ ಸಾವ್ಕಾರ್ರು ಕೈ ಮುಗಿಯೋದು ನೋಡಿ ರೋಡಿನಾಗ ಹೋಗೋರು ಇಬ್ರು ನಿಂತ್ರು. ಅವರನ್ನ ನೋಡಿ ನಾಲ್ಕು ಮಂದಿ. ಹೂವು ಮಾರಾಕಿ ಬುಟ್ಟಿ ಇಳಿಸಿ ಒಂದು ಮೊಳ ಮಲ್ಲಿಗಿ ಏರಿಸಿದ್ಲು. ಒಬ್ಬಾಂವ ಎಲ್ಲಿಂದ ತಂದನೋ, ಊದಿನಕಡ್ಡಿ ಹಚ್ಚಿ ಬೋಲ್ಟಿನ ತೂತಿನಾಗ ಸಿಗಿಸಿದ.

ನಾನು ಒಳಗೇ ಕುಂತಿದ್ದೆ. 'ಅದು ದೇವರಲ್ರಿ' ಅಂತ ಹೇಳಬೇಕಂತ ಎದ್ದು ಬಂದೆ, ಬಾಯಿ ತೆರೆದೆ. ಅಷ್ಟೊತ್ತಿಗಿ ಒಬ್ಬಾಕಿ ಯವ್ವ ಪ್ರಸಾದ ಅಂತ ಒಂದು ಚಿಟಿಕಿ ಸಕ್ರಿ ಹಿಡಿದ್ಲು. ಬಾಯಿ ತೆರೆದೇ ಇತ್ತಲ್ಲ, ತಿಂದೆ.

ಅಪ್ಪ ಬಂದಾಗ ಹನ್ನೆರಡು ಮಂದಿ ಸಾಲು ಇತ್ತು. ಎಲ್ಲಾರ್ನೂ ಸಮಾಧಾನ ಮಾಡಿ ಕಳಿಸಿ, ಮಲ್ಲಿಗಿ ತೆಗೆದು, ನನ್ನ ಕರೆದ. "ಪುಸ್ತಕದ ಯಾವ ಫೋಟೋಕ್ಕ ಹೊಂದ್ತದ ನೋಡು ಬೇ."

"ಯಾವುದಕ್ಕೂ ಇಲ್ಲಪ್ಪ. ಅದರಾಗ ಯಾವುದಕ್ಕೂ ವಿಭೂತಿ ಇಲ್ಲ."

ಎಲ್ಲಾ ಒರೆಸಿದ್ವಿ. ಮರುದಿನ ಅಪ್ಪ ಕುಂಕುಮದ ಸಹವಾಸ ಬಿಟ್ಟು, ಬಿಳಿ ಬಟ್ಟಿಗಿ ಹಾಕೋ ನೀಲಿ ತಂದು ಎಣ್ಣ್ಯಾಗ ಕಲಿಸಿ ಹಚ್ಚಿದ. "ನೀಲಿಗಿ ಯಾರೂ ಕೈ ಮುಗಿಯಂಗಿಲ್ಲ" ಅಂದ. ತಿರುಗಿಸಿದ್ವಿ. ಗುರ್ತು ಹಲ್ಲಿನ ನಟ್ಟ ನಡುವ, ಮೊದ್ಲನೇ ಫೋಟೋದಾಗ ಇದ್ದಂಗ ಬಿತ್ತು. ಅಪ್ಪ ಆ ಫೋಟೋ ಒಮ್ಮೆ, ಗೇರು ಒಮ್ಮೆ, ಎಷ್ಟೋ ಹೊತ್ತು ನೋಡಿದ. "ಹದಿನೈದು ವರ್ಷದಿಂದ ಅಂದಾಜಿನ ಮ್ಯಾಲ ಕೂಡ್ಸಾಕತ್ತಿದ್ದೆ. ಅಂದಾಜು ಸರಿ ಇತ್ತಂತ ಇವತ್ತು ತಿಳೀತು" ಅಂದ.

ಅಷ್ಟರಾಗ ಹಿಂದ ಸಾವ್ಕಾರ್ರು ಬಂದು ನಿಂತಿದ್ರು. ನೀಲಿ ಬಣ್ಣ ನೋಡಿದ್ರು. ಚಪ್ಪಲ್ ಬಿಟ್ಟರು.

"ಯಪ್ಪಾ ನೀಲಕಂಠಾ" ಅಂದ್ರು.

೪. ಮೂವತ್ತು

ಹೊಸದಾಗಿ ಕೂಡ್ಸಿದ ಗೇರಿನ ಹಲ್ಲು ಒಂದಕ್ಕೊಂದು ಹೊಂದಬೇಕಂದ್ರ ಎಂಟುನೂರು ಕಿಲೋಮೀಟರ್ ಮೆಲ್ಲಕ ಓಡಿಸಬೇಕು. ಪುಸ್ತಕ ಅರವತ್ತರ ಮ್ಯಾಲ ಹೋಗಬ್ಯಾಡ ಅಂದಿತ್ತು. ಅಪ್ಪ, "ನಮ್ಮ ರೋಡಿಗಿ ಮೂವತ್ತು" ಅಂದ.

"ಸ್ಪೋರ್ಟ್ಸ್ ಕಾರು ಮಿಸ್ತ್ರಿ" ಅಂದ್ರು ಸಾವ್ಕಾರ್ರು.

"ಹೊಸ ಸೊಸಿ ಬಂದ ದಿನಾನೇ ಹತ್ತು ಸೇರು ಜೋಳ ಬೀಸು ಅಂತೀರೇನ್ರಿ? ಮನಿಗಿ ಹೊಂದೋ ತನ ತಡೀಬೇಕು."

ಸಾವ್ಕಾರ್ರ ಕಾಲಿನ ಮ್ಯಾಲ ಅಪ್ಪಗ ನಂಬಿಗಿ ಇರ್ಲಿಲ್ಲ. ಅದಕ್ಕ ನನ್ನ ಕಾವಲಿಗಿ ಕುಂಡ್ರಿಸಿದ. ಸ್ಪೀಡಿನ ಮುಳ್ಳು ಮೂವತ್ತು ದಾಟಿದ್ರ ಹೇಳಬೇಕು. ಸಾವ್ಕಾರ್ರಿಗಿ 'ನಿಧಾನ ಹೋಗ್ರಿ' ಅನ್ನಾಕ ನನಗ ಬಾಯಿ ಎಲ್ಲಿಂದ ಬರಬೇಕು? ಪುಸ್ತಕ ಎತ್ತಿ ಡ್ಯಾಶ್‌ಬೋರ್ಡಿಗಿ ಟಪ್ ಅಂತ ಬಡೀತಿದ್ದೆ. ಟಪ್ ಅಂದ ಕೂಡ್ಲೆ ಸಾವ್ಕಾರ್ರು, "ಆತವ್ವಾ ಆತು" ಅಂತ ಕಾಲು ತೆಗೀತಿದ್ರು.

ಕಾಲೇಜಿಗಿ ರಜಾ ಇದ್ದ ದಿನ ಎಲ್ಲಾ ಹಿಂಗೇ ಆತು. ರಾಯಚೂರಿನಿಂದ ಮಾನ್ವಿ, ಮಾನ್ವಿಯಿಂದ ದೇವದುರ್ಗ, ತಿರುಗಿ ರಾಯಚೂರು. ಕೆಂಪು ಸ್ಪೋರ್ಟ್ಸ್ ಕಾರು ಬಂತಂದ್ರ ಮಂದಿ ಮೊದ್ಲು ಬದಿಗಿ ಸರಿದು ನಿಲ್ತಿದ್ರು. ನಿಂತು ನಿಂತು ಕಾಲು ಸೋತು ಮತ್ತ ನಡಿಯಾಕ ಹತ್ತುತಿದ್ರು. ಹತ್ತಿ ತುಂಬಿದ ಟ್ರ್ಯಾಕ್ಟರು ನಮ್ಮನ್ನ ದಾಟಿತು. ಶಾಲಿ ಹುಡುಗೂರ ಆಟೋ ದಾಟಿತು, ಹುಡುಗೂರು ಹಿಂದಿನಿಂದ ಟಾಟಾ ಮಾಡಿದ್ವು. ದೇವದುರ್ಗದ ಏರಿನಾಗ ಪಾತ್ರಿ ಮಾರೋ ಸೈಕಲ್ಲಿನಾಂವ ಇಳಿದು ನೂಕಾಕತ್ತಿದ್ದ. ಅವನೂ ದಾಟಿದ.

ಒಂದು ಕಡೆ ಇದ್ದಕ್ಕಿದ್ದಂಗ ಮುಳ್ಳು ಮೂವತ್ತೈದಕ್ಕ ಹೋತು. ಟಪ್ ಅಂತ ಬಡಿದೆ.

"ನಾನಲ್ಲವ್ವಾ" ಅಂದ್ರು ಸಾವ್ಕಾರ್ರು, ಎರಡೂ ಕಾಲು ಎತ್ತಿ ತೋರಿಸಿದ್ರು.

ಹಿಂದ ತಿರುಗಿ ನೋಡಿದ್ರ ಐದಾರು ಮಂದಿ ಗಟ್ಟಿಮುಟ್ಟು ಗಂಡಸ್ರು ಕಾರು ನೂಕಾಕತ್ತಿದ್ರು. ಪಾಪ, ಕೆಟ್ಟದ ಅಂದುಕೊಂಡಿದ್ರು. ಸಾವ್ಕಾರ್ರು ಕಿಟಕಿಯಾಗಿಂದ ತಲಿ ಹೊರಗ ಹಾಕಿ, "ಸಾಕ್ರಪ್ಪೋ, ಇದು ಚಾಲೂ ಅದ" ಅಂದ್ರು. "ಎಲ್ಲಾರೂ ಹಾಂಗೇ ಅಂತಾರ್ರಿ, ನಾಚ್ಕೋಬ್ಯಾಡ್ರಿ" ಅಂತ ಇನ್ನೂ ಒಂದು ಫರ್ಲಾಂಗು ನೂಕಿದ್ರು.

ಎಂಟುನೂರರ ಕಡೀ ದಿನ ಚಂದ್ರಬಂಡ ರೋಡಿಗಿ ಹೋಗಿದ್ವಿ. ಮೊಸರಿನ ಗಡಿಗಿ ಹೊತ್ತ ಅಜ್ಜಿ ಒಬ್ಬಾಕಿ ಕೈ ಅಡ್ಡ ಮಾಡಿದ್ಲು. ಸಾವ್ಕಾರ್ರು ನಿಲ್ಲಿಸಿದ್ರು. ಹಿಂದಿನ ಸೀಟು ಅಂಬೋದು ಮಗೂನ ತೊಟ್ಟಿಲಿನಷ್ಟು ಅದ, ಅದರಾಗೇ ಅಜ್ಜಿ ಗಡಿಗಿ ತೊಡಿ ಮ್ಯಾಲ ಇಟ್ಕೊಂಡು ಕುಂತ್ಲು. ಸ್ವಲ್ಪ ದೂರ ಹೋದ್ವಿ. ಅಜ್ಜಿ ಕಿಟಕಿ ಹೊರಗ ಒಂದೇ ಬೇವಿನ ಗಿಡ ಬಾಳ ಹೊತ್ತು ನೋಡಿದ್ಲು. ಆಮ್ಯಾಲ ಸಾವ್ಕಾರ್ರ ಹೆಗಲು ಮುಟ್ಟಿದ್ಲು.

"ಯಪ್ಪಾ, ನಿಲ್ಲಿಸು. ನಾನು ನಡಕೊಂಡು ಹೋಗ್ತೀನಿ."

"ಯಾಕ ಯವ್ವಾ, ಏನು ತ್ರಾಸಾತು?"

"ತ್ರಾಸೇನಿಲ್ಲ ಮಗನ. ನನಗ ಅವಸರ ಅದ."

೫. ಹಗ್ಗ

ರೇಸಿನ ದಿನ ಮಾನ್ವಿ ಬಯಲಿನಾಗ ಹದಿನಾಲ್ಕು ಕಾರು. ಸಾವ್ಕಾರ್ರದು ಒಂಬತ್ತನೇದು. ಬಿಸಿಲು ಏರಿತ್ತು, ಮಂದಿ ಮಿರ್ಚಿ ಭಜಿ ತಿಂತಾ ನಿಂತಿದ್ರು. ಹೋದ ವರ್ಷದವ್ರೇ ಎಲ್ಲಾ. ಕೆಂಪು ಕಾರು ನೋಡಿದ ಕೂಡ್ಲೆ ಒಬ್ಬಾಂವ, "ಬಂತಲೇ ರಿವರ್ಸ್ ಗಾಡಿ" ಅಂದ. ಅಪ್ಪ ಕೇಳಿಸ್ಕೊಂಡ. ಬೋಲ್ಟ್ ಬಿಚ್ಚೋ ಪಾನಾ ಒಂದು ಕೈಯಾಗ ಹಿಡಿದು ತಿರುಗಿಸ್ತಾ ನಿಂತಿದ್ದ. ಮುಂಜಾನಿಯಿಂದ ಚಹಾನೂ ಕುಡಿದಿರ್ಲಿಲ್ಲ.

ಸಾವ್ಕಾರ್ರು ಧೋತ್ರ ಕಚ್ಚಿ ಹಾಕ್ಕೊಂಡು, ಹೆಲ್ಮೆಟ್ ಏರಿಸಿಕೊಂಡು ಬಂದ್ರು. ವಿಭೂತಿ ಹೆಲ್ಮೆಟ್ಟಿನ ಮ್ಯಾಲೂ ಇತ್ತು. "ಮಿಸ್ತ್ರಿ, ತಡೀತದಲ್ಲ?" ಅಂದ್ರು.

ಅಪ್ಪ ನನ್ನ ಕಡೆ ನೋಡಿದ. ನಾನು ಗೋಣು ಹಾಕಿದೆ. "ತಡೀತದ್ರಿ" ಅಂದ ಅಪ್ಪ.

ಕಾರು ಗೆರಿಗಿ ಬಂದು ನಿಂತಿತು. ನಾನು ಒಂದು ಬದಿಗಿ ನಿಂತಿದ್ದೆ, ಅಲ್ಲಿಂದ ಕಾರಿನ ಹಿಂಭಾಗ ಕಾಣ್ತಿತ್ತು. ಅಪ್ಪಗ ಮುಂಭಾಗ ಅಷ್ಟೇ ಕಾಣ್ತಿತ್ತು.

ಹಿಂಭಾಗದಾಗ ನಾನು ಕಂಡಿದ್ದು ಹೇಳ್ತೀನಿ. ಮಿಲ್ಲಿನ ಟ್ರ್ಯಾಕ್ಟರು ಕಾರಿಗಿ ಬೆನ್ನು ಮಾಡಿ ನಿಂತಿತ್ತು. ನಮ್ಮ ಡ್ರೈವರ್ ಅಣ್ಣ ಬಾಳ ನಿಯತ್ತಿನ ಮನಷ್ಯಾ. ಎರಡು ಸಲ ಕಾರು ಮುರಿದಾಗಲೂ ಅವನೇ ಎಳಕೊಂಡು ಬಂದಿದ್ದ. ಮುರಿದ ಮ್ಯಾಲ ಬಿಸಿಲಾಗ ಬಗ್ಗಿ ಹಗ್ಗ ಕಟ್ಟೋಕಿಂತ, ಮಂದಿ ನಗೋದರಾಗ ಸಾವ್ಕಾರ್ರನ್ನ ನಿಲ್ಲಿಸೋಕಿಂತ, ಮೊದ್ಲೇ ಕಟ್ಟಿಟ್ರ ಲಗೂನ ಆಗ್ತದ ಅಂತ ಈ ಸಲ ಕಾರು ಗೆರಿಗಿ ಬಂದ ಕೂಡ್ಲೆ ಹಗ್ಗ ಕಟ್ಟಿಬಿಟ್ಟಿದ್ದ. ಕಟ್ಟಿ, ಟ್ರ್ಯಾಕ್ಟರು ನ್ಯೂಟ್ರಲ್ಲಿಗಿ ಹಾಕಿ, ಸೀಟಿನ ಮ್ಯಾಲ ಕುಂತು ಚಹಾ ಕುಡಿಯಾಕತ್ತಿದ್ದ. ಟಣ್ ಅನ್ನೋದೇ ಕಾಯಾಕತ್ತಿದ್ದ.

ಕೂಗಬೇಕು ಅಂತ ಬಾಯಿ ತೆರೆದೆ. "ಹಗ್ಗ" ಅಂದೆ. ನನಗೇ ಕೇಳಿಸ್ಲಿಲ್ಲ. ಓಡಿ ಹೋಗಿ ಅಪ್ಪನ ಅಂಗಿ ಜಗ್ಗಿದೆ. "ಏನವ್ವ?" ಅಂದ. "ಹಗ್ಗಪ್ಪ." "ಯಾ ಹಗ್ಗ?" ಅಂದ.

ಬಾವುಟ ಬಿತ್ತು.

ಸಾವ್ಕಾರ್ರು ಒಂದು ವರ್ಷದ ಸಿಟ್ಟು, ಎಂಟುನೂರು ಕಿಲೋಮೀಟರಿನ ಮೂವತ್ತು, ಎಲ್ಲಾ ಸೇರಿಸಿ ಕಾಲು ಒತ್ತಿದ್ರು. ಕಾರು ಹಾರಿತು. ಹಗ್ಗ ಬಿಗೀತು. ಧಡ್ ಅಂತ ಸಪ್ಪಳ ಬಂತು. ಅಪ್ಪ ಕಣ್ಣು ಮುಚ್ಚಿದ. ಮಂದಿ "ಹೋತಲೇ" ಅಂದ್ರು.

ಹೋಗಿದ್ದು ಟ್ರ್ಯಾಕ್ಟರು. ಹಿಂದ ಮುಂದಾಗಿ ರೇಸಿನಾಗ ಹೋಗಾಕತ್ತಿತ್ತು. ಕಾರಿನ ಎರಡೂ ಗಾಲಿ ನೆಲ ಕಚ್ಚಿ ಧೂಳು ಎಬ್ಬಿಸಿ ಎಳೆಯಾಕತ್ತಿದ್ವು, ಒಂದೂ ಜಾರ್ಲಿಲ್ಲ. ಟ್ರ್ಯಾಕ್ಟರಿನ ಮ್ಯಾಲ ನಮ್ಮ ಅಣ್ಣ ಚಹಾದ ಗ್ಲಾಸು ಹಾಂಗೇ ಹಿಡ್ಕೊಂಡು, ನಮ್ಮೆಲ್ಲಾರ ಕಡೆ ಮುಖ ಮಾಡಿ ಕುಂತಿದ್ದ. ಬಸ್ಸಿನ ಕಿಟಕಿಯಾಗಿಂದ ಊರು ಬಿಟ್ಟು ಹೋಗೋರು ನೋಡ್ತಾರಲ್ಲ, ಹಾಂಗ ನಮ್ಮನ್ನ ನೋಡ್ತಾ ನೋಡ್ತಾ ದೂರ ಆದ. ಮೈಕಿನಾಂವ ಏನು ಹೇಳಬೇಕೋ ತಿಳೀದ, "ಒಂಬತ್ತನೇ ನಂಬರ್... ಒಂಬತ್ತೂವರೆ ನಂಬರ್" ಅಂದ.

ಮೊದ್ಲನೇ ಡ್ರಮ್ಮಿನ ಹತ್ರ ಹಗ್ಗ ಹರೀತು. ಟ್ರ್ಯಾಕ್ಟರು ಮೆಲ್ಲಕ ಹೋಗಿ ಕರಿ ಮಣ್ಣಿನಾಗ ನಿಂತಿತು. ಸಾವ್ಕಾರ್ರಿಗಿ ಏನೂ ಗೊತ್ತಿಲ್ಲ, ಡ್ರಮ್ಮು ಸುತ್ತಿ, ಎರಡನೇದು ಸುತ್ತಿ, ಮೂರನೇದು ಸುತ್ತಿ ಬರಾಕತ್ತಿದ್ರು. ಹಿಂದ ಎರಡು ಮಾರು ಹಗ್ಗ ಬಾಲದಂಗ ಕುಣೀತಿತ್ತು. ಅಪ್ಪ ಈಗ ಕಣ್ಣು ತೆರೆದಿದ್ದ, ಆದ್ರ ಉಸಿರು ಬಿಟ್ಟಿರ್ಲಿಲ್ಲ. ಕಾರು ಗೆರಿ ದಾಟಿದ ಮ್ಯಾಲ ಬಿಟ್ಟ. ಭಜಿ ತಿನ್ನೋರು ಎಲ್ಲಾ ಕೈಯಾಗಿನ ಕಾಗದ ಎಸೆದು ಚಪ್ಪಾಳಿ ಹೊಡೆದ್ರು. ರಿವರ್ಸ್ ಗಾಡಿ ಅಂದಾಂವ ಎಲ್ಲಾರಿಗಿಂತ ಜೋರು ಹೊಡೆದ.

ಸಾವ್ಕಾರ್ರು ಇಳಿದು ಹೆಲ್ಮೆಟ್ ತೆಗೆದ್ರು. ಕಣ್ಣಾಗ ನೀರಿತ್ತು. ಅಪ್ಪನ ಎರಡೂ ಕೈ ಹಿಡ್ಕೊಂಡ್ರು. "ಮುಗಿಸಿದೆ ಮಿಸ್ತ್ರಿ. ಪೂರಾ ಮುಗಿಸಿದೆ. ಶುರುವಿಗಿ ಮಾತ್ರ ಯಾಕೋ ಒಂಚೂರು ಭಾರ ಅನಿಸ್ತು. ಎಣ್ಣಿ ದಪ್ಪ ಹಾಕೀದಿ ಏನು?"

ಅಪ್ಪ ನಕ್ಕು ನಕ್ಕು ನೆಲಕ್ಕ ಕುಂತ. ಹಾಂಗೇ ಕಾರಿನ ಕೆಳಗ ಸರಿದು, ಡಿಫರೆನ್ಷಿಯಲ್ಲಿಗಿ ಕೈ ಹಚ್ಚಿ ನೋಡಿದ. ಒಂದು ಹನಿ ಎಣ್ಣಿ ಸೋರಿರ್ಲಿಲ್ಲ. ಸಾವ್ಕಾರ್ರದು ಹದಿನಾಲ್ಕರಾಗ ಹನ್ನೊಂದನೇ ನಂಬರ್ ಬಂತು. ಸಂಜಿ ಆದ್ರೂ ಟ್ರ್ಯಾಕ್ಟರು ಆ ಮಣ್ಣಿನಾಗಿಂದ ಹೊರಗ ಬರ್ಲಿಲ್ಲ. ಅದನ್ನೂ ಕಾರೇ ಎಳೀತು.

ಮುಂದಿನ ವಾರ ಪೇಂಟರು ಬಂದ. ಹಲ್ಲೀನ್ನ ಜೋಪಾನ ಎಬ್ಬಿಸಿ ಆಚೀ ಗ್ವಾಡಿಗಿ ಬಿಟ್ವಿ. ಖಾಲಿ ಸಾಲಿನಾಗ ಏನು ಬರೀಬೇಕಂತ ಅಪ್ಪ ನನ್ನ ಕೇಳಿದ. ಚೀಟಿಯಾಗ ಬರೆದು ಕೊಟ್ಟೆ. ಈಗ ಬೋರ್ಡು ಹಿಂಗದ:

ಟ್ರ್ಯಾಕ್ಟರ್ ರಿಪೇರಿ
ಮತ್ತು ಟ್ರ್ಯಾಕ್ಟರ್ ಎಳೆಯುವ ಕಾರು ರಿಪೇರಿ

ಡ್ರೈವರ್ ಅಣ್ಣ ಅವತ್ತೇ ಟ್ರ್ಯಾಕ್ಟರ್ ತಗೊಂಡು ಬಂದಿದ್ದ. ಬೋರ್ಡಿನ ಕೆಳಗ ನಿಂತು ಎರಡು ಸಲ ಓದಿದ. ಅಪ್ಪ, ಸಾವ್ಕಾರ್ರು, ಪೇಂಟರು ಎಲ್ಲಾರೂ ಅವನ ಮುಖ ನೋಡಾಕತ್ತಿದ್ರು.

"ಆತು ಬಿಡವ್ವಾ" ಅಂದ ನನಗ. "ಎಳೆಯುವ ಅಂತಷ್ಟೇ ಬರೆದೀದಿ. ಹಿಂದಕ್ಕ ಅಂತ ಬರೆಯದ ನನ್ನ ಮಾನ ಉಳಿಸೀದಿ."

"ಜಾಗ ಸಾಲ್ಲಿಲ್ಲಣ್ಣ" ಅಂದೆ. ಈ ಸಲ ಎಲ್ಲಾರಿಗೂ ಕೇಳಿಸ್ತು.